ಏರುನೀರಿನ ಮೀನುಗಳು

ಆ ಊರನ್ನು ಬಿಟ್ಟು ಬಂದು ಬಹಳ ವರ್ಷಗಳಾದವು. ಅಲ್ಲಿ ಹೊತ್ತು ನೆತ್ತಿಯ ಮೇಲೆ ಬಂದಾಗ ಹತ್ತಿ ಗಿರಣಿ ಕೂಗುತ್ತಿತ್ತು. ಕೂಗು ಕೇಳಿದ ಕೂಡಲೇ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಎದ್ದು ಹೋಗಿ ಕೆಳಬಚ್ಚಲಿನ ಬಾಯಿಗೆ ಬೆಣೆ ಜಡಿದು ಮೇಲ್ಬಚ್ಚಲಿನ ಬೆಣೆ ಕೀಳುತ್ತಿದ್ದರು. ಅಲ್ಲಿಯವರೆಗೆ ಇಳಿನೀರಿನ ಹೊತ್ತು. ಅಲ್ಲಿಂದ ಸೂರ್ಯ ಮುಳುಗುವವರೆಗೆ ಏರುನೀರಿನ ಹೊತ್ತು. ರಾತ್ರಿ ನೀರು ಇದ್ದಲ್ಲೇ ನಿಂತು, ಬೆಳಗಿನ ಜಾವಕ್ಕೆ ಮತ್ತೆ ಇಳಿಯತೊಡಗುತ್ತಿತ್ತು. ಬೆಳಿಗ್ಗೆ ಮೇಲಿನ ಬೀದಿಯಿಂದ ನಮ್ಮ ಕೆಳಗಿನ ಬೀದಿಗೆ ಹರಿದ ನೀರು ಮಧ್ಯಾಹ್ನವಾದ ಮೇಲೆ ನಮ್ಮಿಂದ ಅವರ ಕಡೆಗೆ ಹತ್ತುತ್ತಿತ್ತು. ಕೊಡದ ನೀರಿಗೆ, ಲೋಟದ ನೀರಿಗೆ ಇದೇನೂ ಇಲ್ಲ. ನೆಲ ಮುಟ್ಟಿದ ನೀರಿಗೆ, ನೆಲಕ್ಕೆ ಹಾಸಿದ ಕೊಳವೆಯ ನೀರಿಗೆ ಮಾತ್ರ. ಬಾವಿಗಳಿಗೆ ಹಲಗೆಯ ಮುಚ್ಚಳವಿರುತ್ತಿತ್ತು. ಗಿರಣಿ ಕೂಗಿದಾಗ ಮುಚ್ಚಿ ಮೇಲೊಂದು ಕಲ್ಲು ಹೇರುತ್ತಿದ್ದೆವು. ನಮ್ಮೂರಲ್ಲಿ ಬಚ್ಚಲ ಜಗಳ ಕಮ್ಮಿ. ಬೆಳಿಗ್ಗೆ ಕೊಳೆ ನೀರು ಬಿಟ್ಟವರಿಗೆ ಮಧ್ಯಾಹ್ನ ಅದು ವಾಪಸು ಬರುತ್ತಿತ್ತಲ್ಲ, ಹಾಗಾಗಿ.

ನಾನು ಅದೇ ಊರಲ್ಲಿ ಹುಟ್ಟಿದವಳು, ಅಲ್ಲೇ ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದವಳು. ನನಗೆ ಇದರಲ್ಲಿ ಸೋಜಿಗವೇನೂ ಕಾಣುತ್ತಿರಲಿಲ್ಲ. ಸೋಜಿಗ ಅಂತ ಮೊದಲು ಗೊತ್ತಾದದ್ದು ನನ್ನ ಮಾವ ಸಣ್ಣಗಂಗಯ್ಯನವರು ನಮ್ಮ ಮನೆಗೆ ಬಂದಾಗ.

ಮಾವ ಹೊಳೆಯ ಮೀನುಗಾರರು. ದೂರದ ಅವರೂರಲ್ಲಿ ಒಂದು ಮಳೆಗಾಲ ಹೊಳೆ ತನ್ನ ಹಾಸಿಗೆ ಬಿಟ್ಟು ಎದ್ದು, ಮೂಡಲ ಗುಡ್ಡದ ಆಚೆಗೆ ಹೊರಟುಹೋಯಿತು. ಊರಿಗೆ ಉಳಿದದ್ದು ಮರಳು. ಜನ ದಿಕ್ಕಿಗೊಬ್ಬರಾಗಿ ಚೆದುರಿದರು. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಲಾರಿ ಓಡಿಸುತ್ತಿದ್ದ ನನ್ನ ಗಂಡ ಮಾದೇಶ ಒಂದು ಸಲ ಆ ದಾರಿಯಲ್ಲಿ ಬರುವಾಗ ಅಪ್ಪನನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು ಇಳಿಸಿ, ಮಾರನೆಯ ಬೆಳಿಗ್ಗೆ ಮತ್ತೆ ಲೋಡಿಗೆ ಹೋದ.

ಮಾವ ಬೆಳಿಗ್ಗೆಯೆಲ್ಲ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮೋರಿಯಲ್ಲಿ ಹರಿಯುವ ನೀರನ್ನೇ ನೋಡುತ್ತಿದ್ದರು. ಗಿರಣಿ ಕೂಗುತ್ತಿತ್ತು. ಮೋರಿಯ ನೀರು ಒಂದು ಗಳಿಗೆ ನಿಂತು, ನಡುಗಿ, ಬಂದ ದಾರಿಯಲ್ಲೇ ಮೇಲಕ್ಕೆ ಹೊರಡುತ್ತಿತ್ತು. ಮಾವ ಎದ್ದು ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು.

"ಊಟಕ್ಕೆ ಏಳಿ ಮಾವ."

"ಬ್ಯಾಡ ಕಣವ್ವ. ನೀರು ಹಿಂಗ್ ಮಾಡಾದ ನೋಡುದ್ರೆ ಹೆತ್ತವ್ವ ಮಕ ತಿರುಗ್ಸ್ಕೊಂಡು ಕುಂತಂಗಾಯ್ತದೆ. ಗಂಟಲಲ್ಲಿ ಇಳಿಯಾಕಿಲ್ಲ."

ಎರಡು ಸಲ ಹಾಸಿಗೆ ಬಟ್ಟೆ ಸುತ್ತಿ ಕಟ್ಟಿಕೊಂಡು ಹೊರಟೇಹೋದರು. ಎರಡು ಸಲವೂ ಬಸ್ ನಿಲ್ದಾಣದಿಂದ ನಾನೇ ಕರೆತಂದೆ. "ಎಲ್ಲಿಗೆ ಹೋಗ್ತೀರಿ ಮಾವ, ಅಲ್ಲಿ ಹೊಳೆಯೇ ಇಲ್ಲವಲ್ಲ" ಅಂದರೆ, "ಅದು ಎತ್ತಾಗ್ ಹೋಗದೋ ಅತ್ತಾಗೆ" ಅನ್ನುತ್ತಿದ್ದರು. ಎರಡನೆಯ ಸಲ ದಾರಿಯಲ್ಲಿ ಬರುವಾಗ ಅವರ ಕೈ ಹಿಡಿದುಕೊಂಡೆ. ಮೂಳೆ ಮಾತ್ರ ಸಿಕ್ಕಿತು. ನನಗೆ ಹೆದರಿಕೆಯಾಯಿತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: "ಮಾವ, ಹಿತ್ತಲಲ್ಲಿ ನಾವೇ ಒಂದು ಕೊಳ ತೋಡೋಣ. ಮೀನು ಬಿಡೋಣ."

ಅವರು ನಿಂತರು. "ಮೀನಾ?"

ನಮ್ಮೂರಲ್ಲಿ ತೆರೆದ ಕೊಳ ಒಂದೂ ಇರಲಿಲ್ಲ. ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅಷ್ಟು ದಿನಗಳ ಮೇಲೆ ಆ ಮುಖದಲ್ಲಿ ಬಣ್ಣ ಬಂದದ್ದನ್ನು ನೋಡಿದ ಮೇಲೆ ಮಾತು ಹಿಂದೆ ತೆಗೆದುಕೊಳ್ಳುವುದು ಹೇಗೆ?

ಕರಿಬೇವಿನ ಗಿಡದ ಹತ್ತಿರ ಮೊದಲ ಗುದ್ದಲಿ ಬಿತ್ತು. ಮೊಣಕಾಲುದ್ದ ಇಳಿಯುವುದರೊಳಗೆ ಬಂಡೆ. ಮಾವ ಹಾರೆಯಿಂದ ಮೀಟಿದರು, ನಾನು ಪಿಕಾಸಿಯಿಂದ ಕುಟ್ಟಿದೆ; ಬಂಡೆ ಠಣ್ ಅಂದಿತೇ ಹೊರತು ಕದಲಲಿಲ್ಲ. ಅದನ್ನು ಮುಚ್ಚಿ ಬಾಳೆಯ ಬುಡದಿಂದ ಆಚೆಗೆ ಶುರು ಮಾಡಿದೆವು. ಅಲ್ಲಿ ಮೇಲೆ ಕೆಮ್ಮಣ್ಣು, ಕೆಳಗೆ ಗೊಚ್ಚು. ಅಗೆದದ್ದನ್ನು ಮಂಕರಿಯಲ್ಲಿ ಹೊತ್ತು ಬೇಲಿಯ ಬದಿಗೆ ಸುರಿಯುತ್ತಿದ್ದೆ. ಬೊಬ್ಬೆ ಎದ್ದ ಕೈಯಲ್ಲಿ ಸೂಜಿ ಹಿಡಿಯಲಾಗದೆ ಒಬ್ಬರ ಮದುವೆ ರವಿಕೆಗೆ ತೋಳು ತಿರುಗಾ ಮುರುಗಾ ಕೂರಿಸಿದೆ. ಮಾವ ಮಾತ್ರ ದಿನದಿನಕ್ಕೆ ಚಿಗುರುತ್ತಿದ್ದರು. ಮುದ್ದೆ ಮುರಿಯುವಾಗ, "ಗುಂಡಿ ಒಂಚೂರು ಸೊಟ್ಟಗದೆ. ಇರ್ಲಿ ಬುಡು, ಹೊಳೆ ಎಲ್ಲಾರ ನೆಟ್ಟಗಿದ್ದದಾ?" ಅನ್ನುತ್ತಿದ್ದರು.

ಎದೆಯುದ್ದ ಇಳಿದಾಗ ಹಾರೆ ಏನನ್ನೋ ಒಡೆಯಿತು. ಗುಂಡಿಯೊಳಗೆ ಬುಳಬುಳ ನೀರು. ಮಾವ "ಊಟೆ! ಊಟೆ ಬಂತು ಕಣವ್ವಾ!" ಎಂದು ಕುಣಿದೇಬಿಟ್ಟರು. ನಾನು ಬಗ್ಗಿ ನೋಡಿದರೆ ಊಟೆಯ ನೀರಿನಲ್ಲಿ ಸೀಗೆಕಾಯಿ ವಾಸನೆ. ಸ್ವಲ್ಪ ಹೊತ್ತಿಗೆ ಮೇಲಿನ ಗೋಡೆಯಾಚೆಯಿಂದ ಜ್ವಾಲಮ್ಮನವರ ತಲೆ ಕಾಣಿಸಿತು.

ಜ್ವಾಲಮ್ಮನವರ ಹಿತ್ತಲು ನಮ್ಮ ಹಿತ್ತಲಿಗೆ ಸರಿಯಾಗಿ ಮೇಲೆ. ನಡುವೆ ಒಂದು ಕಲ್ಲಿನ ಗೋಡೆ. ಜೈನರ ಮನೆ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನೀರನ್ನು ಬಟ್ಟೆಯಲ್ಲಿ ಸೋಸದೆ ಬಾಯಿಗೆ ಹಾಕುವವರಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ನಾನು ಚಿಕ್ಕಂದಿನಿಂದ ಅವರಿಗೆ ಹೆದರುತ್ತಿದ್ದೆ.

"ಇಂದ್ರಾಣಿ," ಅಂದರು, "ನನ್ನ ಸ್ನಾನದ ನೀರು ಎಲ್ಲಿಗೆ ಹೋಯ್ತಮ್ಮ? ಕೆಳಗಿನ ತೋಟದವನು ಬಂದು, ಇವತ್ತು ಅಮ್ಮಾವ್ರು ಸ್ನಾನ ಮಾಡ್ಲಿಲ್ವಾ ಅಂತ ಕೇಳ್ತಾನೆ. ನಾನೇನು ಹೇಳ್ಲಿ?"

ಒಡೆದದ್ದು ಅವರ ಮನೆಯ ಹಳೆಯ ಮಣ್ಣಿನ ಕೊಳವೆ. ಪೈಪಿನ ಅಂಗಡಿಗೆ ಓಡಿ, ಒಡೆದ ಜಾಗಕ್ಕೆ ಹೊಸ ತುಂಡು ಕೂಡಿಸಿದೆವು. ಪೈಪು ಕೂಡಿಸುವುದನ್ನು ನಾನು ಕಲಿತದ್ದು ಹಾಗೆ, ತಲೆತಗ್ಗಿಸಿಕೊಂಡು.

ಗುಂಡಿಗೆ ಮಾವ ತಮ್ಮೂರ ಪದ್ಧತಿಯಲ್ಲೇ ಒಡಲು ಕಟ್ಟಿದರು. ಜೇಡಿಮಣ್ಣು ತರಿಸಿ, ಹೊಟ್ಟು ಬೆರೆಸಿ, ಕಾಲಿನಲ್ಲಿ ತುಳಿತುಳಿದು ಹದ ಮಾಡಿ ಅಂಗೈಯಿಂದ ಬಳಿದರು. ಒಂದು ಬೆಳಿಗ್ಗೆ ನೀರು ತುಂಬಿಸಿದೆವು. ಒಂದು ಹನಿಯೂ ಇಂಗಲಿಲ್ಲ. ಮಾವ ದಡದ ಮೇಲೆ ಕೂತು, ತಮ್ಮ ನೆರಳನ್ನು ನೀರಲ್ಲಿ ನೋಡಿಕೊಂಡು ಮೀಸೆ ತೀಡಿದರು. "ಮಾವ, ಗಿರಣಿ ಕೂಗೋ ಹೊತ್ತಾಯ್ತು" ಅಂದೆ. "ಕೂಗ್ಲಿ ಬುಡವ್ವ. ನಾನು ಬಳಿದಿರೋ ಮಣ್ಣು ಇದು" ಅಂದರು.

ಗಿರಣಿ ಕೂಗಿತು. ಕೊಳದ ನೀರು ಮಲಗಿದ ಹಸು ಏಳುವ ಹಾಗೆ ಹಿಂಭಾಗ ಮೊದಲು ಎತ್ತಿ, ಆಮೇಲೆ ಮುಂಭಾಗ ಎತ್ತಿ, ಜೇಡಿಯನ್ನೆಲ್ಲ ಬಾಚಿಕೊಂಡು ದಡ ಹತ್ತಿ, ಗೋಡೆಯ ಸಂದುಗಳಲ್ಲಿ ನುಗ್ಗಿ ಜ್ವಾಲಮ್ಮನವರ ತೊಳೆದಿಟ್ಟ ಅಂಗಳಕ್ಕೆ ಹೋಯಿತು. ಅವರು ಬೈಯಲಿಲ್ಲ. ಒಂದು ಪೊರಕೆ ತಂದು ಗೋಡೆಯ ಮೇಲಿಟ್ಟು ಒಳಗೆ ಹೋದರು.

"ನೀನೇ ಹೋಗಿ ಗುಡಿಸ್ ಬಾರವ್ವ," ಅಂದರು ಮಾವ. "ನಾವು ಮೀನೋರು. ಅಂತೋರ ಅಂಗಳಕ್ಕೆ ನಾನು ಕಾಲಿಕ್ಕಾಕಿಲ್ಲ."

ಹೋಗಿ ಗುಡಿಸಿದೆ. ಆಮೇಲೆ ಸಿಮೆಂಟಿಗೆ ಬಂದೆವು. ದಡವನ್ನು ಸುತ್ತಲೂ ಒಂದೇ ಮಟ್ಟಕ್ಕೆ ಕಟ್ಟಿ ಒಳಕ್ಕೆ ಬಾಗಿಸಿದರೆ ನೀರು ಹತ್ತಲಾರದು ಎಂದು ನನ್ನ ಲೆಕ್ಕ. ಮುಚ್ಚಳ ಹಾಕುವುದು ಸುಲಭವಿತ್ತು, ಆದರೆ ಮಾವ, "ಮೀನಿಗೆ ಮುಚ್ಚಳ ಹಾಕ್ತರಾ? ಅದೇನು ಉಪ್ಪಿನಕಾಯಾ?" ಅಂದುಬಿಟ್ಟಿದ್ದರು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಟ್ಯೂಬು ತಂದೆವು. ಮಾವ ಬೆಳಿಗ್ಗೆ ಅದನ್ನು ಹಿಡಿದು ನೋಡಿ, ಬಾಳೆಯ ಕಡೆ ತಗ್ಗಿದೆ ಎಂದು ಅಲ್ಲಿ ಒಂದು ಬಾಂಡ್ಲಿ ಗಾರೆ ಏರಿಸುತ್ತಿದ್ದರು. ನಾನು ಹೊಲಿಗೆ ಮುಗಿಸಿ ಮಧ್ಯಾಹ್ನ ಅದೇ ಟ್ಯೂಬು ನೆಲಕ್ಕೆ ಹಾಸಿ ನೋಡಿದರೆ ಗೋಡೆಯ ಕಡೆ ತಗ್ಗು; ಅಲ್ಲಿ ನಾನೊಂದು ಬಾಂಡ್ಲಿ ಏರಿಸುತ್ತಿದ್ದೆ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಮಾವನಿಗೆ ವಯಸ್ಸಾಯಿತು, ಕಣ್ಣು ಮಂಜು ಎಂದು ನಾನು. ಸೊಸೆಗೆ ಏನು ತಿಳಿದೀತು ಎಂದು ಅವರು. ದಡ ಎರಡೂ ಕಡೆಯಿಂದ ಬೆಳೆಯುತ್ತಾ ಬೆಳೆಯುತ್ತಾ ಸೊಂಟದ ಮಟ್ಟಕ್ಕೆ ಬಂದ ದಿನ ಇಬ್ಬರೂ ಗಾರೆ ಬಳಿಯುವ ಕರಣೆ ಹಿಡಿದುಕೊಂಡೇ ಎದುರುಬದುರಾದೆವು.

"ನೀರು ಸುಳ್ಳು ಹೇಳಾಕಿಲ್ಲ ಕಣವ್ವ!"

"ನಿಮ್ಮೂರ ನೀರು ಹೇಳಲ್ಲ ಮಾವ. ಇದು ನಮ್ಮೂರ ನೀರು!"

ಗೋಡೆಯಾಚೆಯಿಂದ ಜ್ವಾಲಮ್ಮನವರ ನಗು ಕೇಳಿಸಿತು. ಅವರು ನಗುವುದನ್ನು ನಾನು ಅದೇ ಮೊದಲು ಕೇಳಿದ್ದು. "ನಮ್ಮನೆಯವರು ಕಟ್ಟಡ ಕಟ್ಟಿಸ್ತಿದ್ದಾಗ ಮಟ್ಟ ನೋಡ್ತಿದ್ದದ್ದು ಬೆಳಿಗ್ಗೆ ಮಾತ್ರ ಕಣೇ, ಇಂದ್ರಾಣಿ" ಅಂದರು. ನಾನು ಮಾವನ ಮುಖ ನೋಡಲಿಲ್ಲ. ನಾನು ಏರಿಸಿದ್ದನ್ನೆಲ್ಲ ನಾನೇ ಒಡೆದೆ.

ದಡ ಸರಿಯಾಯಿತು. ಹೆಚ್ಚಾದ ನೀರು ಹೋಗಲು ಮೇಲಿನ ಬದಿಗೊಂದು ಪೈಪು ಕೂರಿಸಿ, ಅದಕ್ಕೊಂದು ವಾಲ್ವು ಹಾಕಿದೆ. ಮಧ್ಯಾಹ್ನ ವಾಲ್ವು ಮುಚ್ಚಿದರೆ ಸಾಕು, ಬಾಗಿದ ದಡ ನೀರನ್ನು ಹಿಡಿದುಕೊಳ್ಳುತ್ತದೆ. ವಾಲ್ವನ್ನು ಮೊದಲು ಹಿಂದುಮುಂದಾಗಿ ಕೂರಿಸಿ, ಕೊಯ್ದು ತೆಗೆದು, ಮತ್ತೆ ಕೂರಿಸಿ ಪೈಪು ಅಂಟಿಸುವ ಸೊಲ್ಯೂಷನ್ ಬಳಿದೆ. ಅದು ಒಣಗುವ ತನಕ ನೀರು ತಾಗಿಸಬಾರದು ಎಂದು ಅಂಗಡಿಯವನು ಹೇಳಿದ್ದ. ಆದರೆ ಅದೇ ಬೆಳಿಗ್ಗೆ ಮಾದೇಶನ ಲಾರಿ ಬಂತು. ಕೆಳಗಿಳಿದವನ ಕೈಯಲ್ಲಿ ಒಂದು ಮುಚ್ಚಿದ ಡಬರಿ.

"ಅಪ್ಪಂಗೂ ನಿಂಗೂ ಒಟ್ಟಿಗೇ ಹುಚ್ಚು ಹಿಡಿದದೆ," ಅಂದ ಅವನು. ಆಮೇಲೆ ಡಬರಿಯ ಮುಚ್ಚಳ ತೆಗೆದ. ದಾರಿಯ ಮೀನು ಸಾಕಣೆಯವರಿಂದ ಕೇಳಿ ತಂದ ಗೆಂಡೆ ಮರಿಗಳು, ಬೆರಳುದ್ದದವು.

ಮಾವನನ್ನು ತಡೆಯುವುದು ಯಾರಿಂದ ಆದೀತು? ಅವರು ಆಗಲೇ ಕೊಳಕ್ಕೆ ನೀರು ತುಂಬಿಸಿ, ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಬಿಟ್ಟರು. ಬಿಟ್ಟ ಕೈಯನ್ನು ನೀರಿನಿಂದ ತೆಗೆಯಲೇ ಇಲ್ಲ. ಮರಿಗಳು ಬಂದು ಬೆರಳ ಸಂದಿಯಲ್ಲಿ ತೂರಿ ಹೋಗುತ್ತಿದ್ದವು. ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಮಾದೇಶ ಮುಖ ಆ ಕಡೆ ತಿರುಗಿಸಿದ.

ಗಿರಣಿ ಕೂಗಿದಾಗ ವಾಲ್ವು ಮುಚ್ಚಿದೆ. ನೀರು ಏಳಲು ನೋಡಿತು, ದಡಕ್ಕೆ ತಲೆ ಕೊಟ್ಟಿತು, ನಿಂತಿತು. ನಿಂತೇಬಿಟ್ಟಿತು ಅಂದುಕೊಂಡೆವು. ಅಷ್ಟರಲ್ಲಿ ಹಸಿ ಸೊಲ್ಯೂಷನ್ನಿನ ಜಾಯಿಂಟು ಪಟ್ಟೆಂದು ಬಿಟ್ಟಿತು. ವಾಲ್ವು ಒಂದು ಕಡೆ ಹಾರಿತು. ಕೊಳಕ್ಕೆ ಕೊಳವೇ ಆ ತೂತಿನಿಂದ ಹೊರಬಿದ್ದು ಗೋಡೆಯ ಸಂದುಗಳಲ್ಲಿ ಮೇಲಕ್ಕೆ ಹೋಯಿತು, ಮೀನಿನ ಸಮೇತ. ಮಾವ ಬರಿದಾದ ಗುಂಡಿಯೊಳಗೆ ಇಳಿದು ಎರಡೂ ಕೈ ಕೆಳಗೆ ಬಿಟ್ಟುಕೊಂಡು ನಿಂತರು.

ಮೇಲಿನ ಹಿತ್ತಲಿನಿಂದ ಕೂಗು ಕೇಳಿಸಿತು. "ಇಂದ್ರಾಣಿ! ಬೇಗ ಬಾರೇ! ಜೀವ ಇದೆ, ಜೀವ ಇದೆ!"

ಓಡಿಹೋದೆ. ಮೀನಿನ ವಾಸನೆ ಬಂದರೆ ಕಿಟಕಿ ಹಾಕಿಕೊಳ್ಳುತ್ತಿದ್ದ ಜ್ವಾಲಮ್ಮನವರು ಹೂವಿನ ಪಾತಿಯ ಕೆಸರಿನಲ್ಲಿ ಮಂಡಿಯೂರಿದ್ದರು. ಒದ್ದೆ ಸೆರಗಿನಲ್ಲಿ ಒಂದೊಂದೇ ಮರಿಯನ್ನು ಮೆಲ್ಲಗೆ ಬಳಿದು ನೀರಿನ ಹಿತ್ತಾಳೆ ಕೊಳಗಕ್ಕೆ ಬಿಡುತ್ತಿದ್ದರು. ತುಟಿ ಅಲುಗುತ್ತಿತ್ತು, ಏನೋ ಜಪ. ನಾನೂ ಕೂತು ಹುಡುಕಿದೆ. ಬಹಳಷ್ಟು ಸಿಕ್ಕವು. ಕೆಲವು ಸಿಗಲಿಲ್ಲ. ಸತ್ತದ್ದೊಂದು ಕಣ್ಣಿಗೆ ಬಿದ್ದಾಗ ಅವರು ಅದನ್ನು ಎಲೆಯ ಮೇಲಿಟ್ಟರು.

ಕೊಳದಲ್ಲಿ ನೀರಿಲ್ಲದ್ದರಿಂದ ಮರಿಗಳು ಅವತ್ತು ಕೊಳಗದಲ್ಲೇ ಉಳಿದವು. ಮಾರನೆಯ ಬೆಳಿಗ್ಗೆ ಮಾದೇಶ ಹೊರಟುಹೋದ ಮೇಲೆ ಮಾವ ಮತ್ತೆ ಹಾಸಿಗೆ ಬಟ್ಟೆ ಸುತ್ತುತ್ತಿದ್ದರು. ಆಗ ಗೋಡೆಯ ಮೇಲಿನಿಂದ, "ಗಂಗಯ್ಯನವರೇ" ಎಂದು ಕರೆದದ್ದು ಕೇಳಿತು. ಯಾರೂ ಅವರನ್ನು ಹಾಗೆ ಕರೆದವರಿಲ್ಲ. ಮಾವ ಗಂಟು ಬಿಟ್ಟು ಹಿತ್ತಲಿಗೆ ಹೋಗಿ ಗೋಡೆಯಿಂದ ದೂರವೇ ನಿಂತರು.

"ನಿಮ್ಮ ಮೀನು ಚೆನ್ನಾಗಿವೆ. ಆದ್ರೆ ಒಂದು ಮಾತು ಕೇಳ್ತೀನಿ. ಇವನ್ನ ಸಾಕಿ ದೊಡ್ಡದು ಮಾಡಿ, ಆಮೇಲೆ ಏನು ಮಾಡ್ತೀರಿ?"

"ಮೀನೋನು ಮೀನ ಇನ್ನೇನು ಮಾಡಾನು ಅಮ್ಮಾವ್ರೇ?"

"ಹಾಗಾದ್ರೆ ನಾನು ಕೊಡಲ್ಲ."

ಮಾವ ನೆಲ ನೋಡುತ್ತ ಮೆಲ್ಲಗೆ ಹೇಳಿದರು: "ನಮ್ಮ ಹೊಳೇಲಿ ಒಂದು ಮಡು ಇತ್ತು ಅಮ್ಮಾವ್ರೇ. ದೇವರ ಮಡು. ನಮ್ಮ ತಾತನ ಕಾಲದಿಂದ್ಲೂ ಅಲ್ಲಿ ಯಾರೂ ಬಲೆ ಬುಟ್ಟೋರಲ್ಲ. ಮಕ್ಳಂಗೆ ದಡಕ್ಕೆ ಬಂದು ಕೈಯಿಂದ ಕಡ್ಲೆಪುರಿ ತಿಂತಿದ್ದೋ. ನಮ್ಮವಳು ಸಾಯೋ ಮುಂಚೆ ಒಂದ್ಸಲ ಅಲ್ಲಿಗೆ ಕರ್ಕೊಂಡೋಗು ಅಂದ್ಲು. ಹೊತ್ಕೊಂಡೋಗಿದ್ದೆ." ಅವರು ತಲೆಯೆತ್ತಿದರು. "ಈ ಹಿತ್ತಲ್ನೂ ಮಡು ಅಂದ್ಕೊಂಡ್ರಾಯ್ತು. ತಿನ್ನಾಕೆ ಸಂತೆ ಅದೆ."

ಜ್ವಾಲಮ್ಮನವರು ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ಎಂದಿನ ಗಟ್ಟಿ ದನಿಯಲ್ಲಿ, "ನೀರನ್ನ ಕಟ್ಟಿ ಹಾಕೋಕೆ ಯಾಕೆ ಒದ್ದಾಡ್ತೀರಿ? ನಮ್ಮನೆಯವರು ಹೂವಿಗೆ ಅಂತ ಕಟ್ಟಿಸಿದ ತೊಟ್ಟಿ ಇಲ್ಲಿ ಖಾಲಿ ಬಿದ್ದಿದೆ. ಬೆಳಿಗ್ಗೆ ನಿಮ್ಮಲ್ಲಿ ಇರ್ಲಿ. ಮಧ್ಯಾಹ್ನ ನಮ್ಮಲ್ಲಿಗೆ ಬರ್ಲಿ" ಅಂದರು.

ಇಷ್ಟು ಸುಲಭದ ಮಾತು ಆ ಊರಲ್ಲೇ ಹುಟ್ಟಿದ ನನಗೆ ಹೊಳೆದಿರಲಿಲ್ಲ. ವಾಲ್ವೇ ಬೇಡ. ದೊಡ್ಡ ಪೈಪು ತಂದು ಗೋಡೆಯಲ್ಲಿ ಕಿಂಡಿ ಕೊರೆದು ಕೊಳಕ್ಕೂ ತೊಟ್ಟಿಗೂ ಕೂಡಿಸಬೇಕು, ಅಷ್ಟೆ. ಆದರೆ ಮಾವ ಮೇಲಿನ ಹಿತ್ತಲಿಗೆ ಕಾಲಿಡಲೊಲ್ಲರು. ಅವರು ಈಚೆಯಿಂದ ಪೈಪು ತಳ್ಳುವುದು, ನಾನು ಆಚೆಯಿಂದ ಎಳೆಯುವುದು. "ಒಸಿ ಮ್ಯಾಕೆ!" "ಸಾಕಾ ಮಾವ?" "ಬಲಕ್ಕೆ!" "ಯಾರ ಬಲ?" ಜ್ವಾಲಮ್ಮನವರು ಪೈಪಿನ ಮೂಲೆಗೆ ಹಾಕುವ ಎಲ್ಬೋವನ್ನು ಪೂಜೆಯ ತೆಂಗಿನಕಾಯಿಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದರು, ಮಣ್ಣು ಕೆದರಿದಾಗ ಎರೆಹುಳು ಕಂಡರೆ ಕೆಲಸ ನಿಲ್ಲಿಸಿ ಅದನ್ನು ದಾಟಿಸಿದ ಮೇಲೇ ಮುಂದಿನದು. ತೊಟ್ಟಿ ಒಂದು ಕಡೆ ಸೋರಿತು, ತೇಪೆ ಹಾಕಿದೆವು. ಕಿಂಡಿ ತಗ್ಗಾಯಿತು, ಮತ್ತೆ ಕೊರೆದೆವು. ಈ ಸಲ ಸೊಲ್ಯೂಷನ್ ಒಣಗುವ ತನಕ ಮಾವನೇ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತರು, ಯಾರೂ ನೀರು ತರಬಾರದೆಂದು. ಒಣಗಿದ ಮೇಲೆ ಒಂದು ಬೆಳಿಗ್ಗೆ ಕೊಳ ತುಂಬಿಸಿ, ಕೊಳಗದ ಮರಿಗಳನ್ನು ಬಿಟ್ಟೆವು.

ಗಿರಣಿ ಕೂಗಿತು. ಕೊಳದ ನೀರು ಎದ್ದಿತು, ಪೈಪಿನ ಬಾಯಿ ಹುಡುಕಿಕೊಂಡಿತು, ಸದ್ದಿಲ್ಲದೆ ಮೇಲಕ್ಕೆ ಹೋಯಿತು. ಮೀನುಗಳು ಬಾಲ ಅಲ್ಲಾಡಿಸುತ್ತ ಹಿಂದೆಯೇ ಹೋದವು. ಗೋಡೆಯಾಚೆಯಿಂದ, "ಬಂದ್ವು! ಎಲ್ಲಾ ಬಂದ್ವು!" ಎಂಬ ದನಿ.

ಆಮೇಲಿನ ದಿನಗಳು ಎಷ್ಟು ಚೆನ್ನಾಗಿದ್ದವು ಎಂದು ಹೇಗೆ ಹೇಳಲಿ? ಬೆಳಗಿನ ಜಾವದಲ್ಲಿ ನೀರು ಇಳಿದು ಬರುವ ಸದ್ದಿಗೆ ಮಾವ ಎದ್ದು ಹೋಗಿ ಪುರಿ ಹಾಕುತ್ತಿದ್ದರು. ಮಧ್ಯಾಹ್ನ ಜ್ವಾಲಮ್ಮನವರು ಅಕ್ಕಿನುಚ್ಚು ಹಾಕುತ್ತಿದ್ದರು. ಗಿರಣಿ ಕೂಗುವ ಮುಂಚೆಯೇ ಮೀನುಗಳು ಪೈಪಿನ ಬಾಯಲ್ಲಿ ಶಾಲೆ ಬಿಡುವ ಹೊತ್ತಿನ ಮಕ್ಕಳಂತೆ ಗುಂಪುಗೂಡಿರುತ್ತಿದ್ದವು. ಮಾವ ಈಗ ಮಧ್ಯಾಹ್ನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

"ಅಮ್ಮಾವ್ರೇ, ಬಾಲ ಹರಿದಿತ್ತಲ್ಲ, ಅವನು ಬಂದ್ನಾ?"

"ಬಂದಿದ್ದಾನೆ ಗಂಗಯ್ಯನವರೇ. ಊಟ ಮಾಡ್ತಿದ್ದಾನೆ."

ಒಬ್ಬರಿಗೊಬ್ಬರು ಕಾಣದೆ ಕೂತು ಸಂಜೆಯವರೆಗೂ ಮಾತು. ಅವರು ತೀರಿಕೊಂಡ ಗಂಡನ ಸುದ್ದಿ ಹೇಳುವರು, ಇವರು ಹೊಳೆಯ ಸುದ್ದಿ ಹೇಳುವರು. ನಾನು ಹೊಲಿಗೆ ಮಿಷನ್ನು ಹಿತ್ತಲ ಬಾಗಿಲಿಗೆ ಹಾಕಿಕೊಂಡೆ, ಕೇಳಿಸಲಿ ಎಂದು.

ಮರುವರ್ಷ ಮಳೆ ನಿಂತ ಮೇಲೆ ಮಾವನ ತಮ್ಮ ಕಾಳಯ್ಯ ಹುಡುಕಿಕೊಂಡು ಬಂದರು. ಹೊಳೆ ಸಿಕ್ಕಿತ್ತು. ಗುಡ್ಡದಾಚೆ ಹೊಸ ದಡದಲ್ಲಿ ಊರಿನವರು ಒಬ್ಬೊಬ್ಬರೇ ಬಂದು ಗುಡಿಸಲು ಹಾಕಿಕೊಂಡಿದ್ದರಂತೆ. "ಅಣ್ಣಾ, ನಿಂಗೂ ಒಂದು ಜಾಗ ಮಡಗಿವ್ನಿ, ಬಾ" ಎಂದರು. ಮಾವ ಹಾಸಿಗೆ ಬಟ್ಟೆ ಸುತ್ತಿದರು. ನಾನು ರೊಟ್ಟಿ ಕಟ್ಟಿಕೊಟ್ಟೆ. ಹೊಳೆಗೆ ಹೋಗಬೇಡಿ ಎಂದು ಮೀನಿನವರಿಗೆ ಯಾವ ಬಾಯಿಂದ ಹೇಳಲಿ? ಯಾರೇ ಆದರೂ ಹೊಸಿಲು ದಾಟುವಾಗ ಹೋಗಿಬರ್ತೀನಿ ಅನ್ನುತ್ತಾರೆ. ಮಾವ ಅವತ್ತು "ಹೊಂಟೆ ಕಣವ್ವ" ಅಂದರು, ಅಷ್ಟೆ.

ಪುರಿ ಹಾಕುವ ಕೆಲಸ ನನಗೆ ಬಂತು. ಮೀನುಗಳು ನನ್ನ ಕೈ ಹತ್ತಿರ ಬರುತ್ತಿರಲಿಲ್ಲ. ದೂರದಲ್ಲಿ ನಿಂತು ಕಾಯುತ್ತಿದ್ದವು. ಮಧ್ಯಾಹ್ನ ಗೋಡೆಯಾಚೆಯಿಂದ ಮೊದಮೊದಲು, "ಏನಾದ್ರೂ ಸುದ್ದಿ ಬಂತೇನೇ?" ಎಂಬ ಮಾತು ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಒಂದು ದಿನ ಜ್ವಾಲಮ್ಮನವರೇ ಹೇಳಿದರು: "ಹೊಳೆ ಸಿಕ್ಕಿದವನು ತೊಟ್ಟಿಗೆ ಬರ್ತಾನೇನಮ್ಮ? ನಾವು ಆಸೆ ಪಡಬಾರದು."

ಚಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ನಾನು ಬೀದಿ ಬಾಗಿಲಲ್ಲಿ ಕೂತು ರವಿಕೆಗೆ ಗುಂಡಿ ಹೊಲಿಯುತ್ತಿದ್ದೆ. ಬಸ್ ನಿಲ್ದಾಣದ ಕಡೆಯಿಂದ ಒಬ್ಬರು ಬರುತ್ತಿದ್ದರು. ತಲೆಯ ಮೇಲೆ ಒದ್ದೆ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆ. ಒಂದು ಕೈ ಅದಕ್ಕೆ, ಇನ್ನೊಂದು ಕೈ ಗಾಳಿಗೆ. ನೀರು ತುಳುಕಬಾರದೆಂದು ಹಸುಗೂಸು ಮಲಗಿದ ಮನೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದರು. ನಡಿಗೆಯಲ್ಲೇ ಗುರುತು ಸಿಕ್ಕಿತು. ಸೂಜಿ ಎಲ್ಲಿ ಬಿತ್ತೋ, ಒಳಗೆ ಓಡಿದೆ, ಕಾಲಿಗೆ ನೀರು ತರಲು.

ಚೊಂಬು ಹಿಡಿದು ಹೊರಗೆ ಬಂದರೆ ಮಾವ ನಮ್ಮ ಬಾಗಿಲು ದಾಟಿ ಹೋಗಿದ್ದರು. ನಮ್ಮ ಮನೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಮನೆ ಮರೆತರೇ? ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೋರಿಯ ಕಡೆ ಕಣ್ಣು ಹೋಯಿತು. ಗಿರಣಿ ಆಗಲೇ ಕೂಗಿಯಾಗಿತ್ತು. ನೀರು ಮೇಲಕ್ಕೆ ಹೋಗುತ್ತಿತ್ತು. ಮಾವನೂ ಅದರ ಜೊತೆಗೇ ಓಣಿಯ ಮೆಟ್ಟಿಲು ಹತ್ತುತ್ತಿದ್ದರು.

ಮೇಲಿನ ಬೀದಿಯಲ್ಲಿ ಜ್ವಾಲಮ್ಮನವರ ಗೇಟಿನ ಮುಂದೆ ನಿಂತು, ಚಪ್ಪಲಿ ಬಿಟ್ಟರು.

"ಅಮ್ಮಾವ್ರೇ, ನಮ್ಮ ಮಡುವಿನೋರು ಬಂದವ್ರೆ. ಒಳಕ್ಕೆ ಬರಬೌದಾ?"

ಅಂದವರು ಉತ್ತರಕ್ಕೆ ಕಾಯಲಿಲ್ಲ. ಮೀನಿನ ಗಡಿಗೆ ಅಲುಗದ ಹಾಗೆ ಭುಜದಿಂದ ಗೇಟು ತಳ್ಳಿ ಒಳಗೆ ಹೋದರು. ಒಳಗಿನಿಂದ ಜ್ವಾಲಮ್ಮನವರು, "ನಿಧಾನ, ನಿಧಾನ, ಕೆಳಗೆ ಮೆಟ್ಟಿಲಿದೆ ನೋಡ್ಕೊಂಡು ಬನ್ನಿ" ಅನ್ನುತ್ತಿದ್ದರು. ನಾನು ಚೊಂಬನ್ನು ಹಿಡಿದುಕೊಂಡೇ ಮೇಲಿನ ಬೀದಿಗೆ ಓಡಿದೆ.